ಒಂದು ಅರ್ಧ ಟಿಕೆಟ್

ನಾಲ್ಕು ಮಕ್ಕಳನ್ನು ಹೊರಡಿಸುವುದೆಂದರೆ
ನಾಲ್ಕನೆಯದಕ್ಕೆ ಚಡ್ಡಿ ಹಾಕುವಷ್ಟರಲ್ಲಿ
ಮೊದಲನೆಯದಕ್ಕೆ ಮತ್ತೆ ಹಸಿವಾಗುವುದು.
ನನ್ನವು ಮೂರು, ಪಕ್ಕದ ಮನೆಯ ಸುಹಾನಾ ಒಬ್ಬಳು.
ಎಂಟಕ್ಕೆ ಹಿಡಿಯಬೇಕೆಂದಿದ್ದ ಬಸ್ಸು
ಹತ್ತೂಕಾಲಕ್ಕೆ ಸಿಕ್ಕಿತು ಹಾಸನದ ಸ್ಟ್ಯಾಂಡಿನಲ್ಲಿ.

ಚೀಲದಲ್ಲಿ ಒದ್ದೆ ಟವೆಲ್ಲು, ವಾಂತಿಗೆಂದು ಎರಡು ಕವರು,
ಮೂಸಲು ನಿಂಬೆಹಣ್ಣು, ಚಿತ್ರಾನ್ನ,
ಸುಹಾನಾಳ ಅಮ್ಮ ಕಟ್ಟಿಕೊಟ್ಟ ಬಿಸಿ ಡಬ್ಬಿ.
ಅದರ ಘಮಕ್ಕೆ ಹಿಂದಿನ ಸೀಟಿನಜ್ಜ
ಎರಡು ಸಲ ಕೇಳಿದರು, ಎಲ್ಲಿ ಇಳಿಯುತ್ತೀರಿ ಎಂದು.

ಕಂಡಕ್ಟರು ಯಂತ್ರ ಕುಟ್ಟಿದ:
ನನಗೆ ಸೊನ್ನೆ, ದೃತಿಗೆ ಸೊನ್ನೆ, ಸುಹಾನಾಳಿಗೆ ಸೊನ್ನೆ,
ಮಡಿಲ ಚಿಟ್ಟಿಯನ್ನು ಯಂತ್ರ ಲೆಕ್ಕಕ್ಕೇ ತಗೊಳ್ಳಲಿಲ್ಲ.
"ಈ ಯಜಮಾನರಿಗೆ ವಯಸ್ಸೆಷ್ಟು?"
ಐದೂವರೆ, ಎಂದೆ. ಬಾಯಿ ತಪ್ಪಿ ಅಲ್ಲ, ಯೋಚಿಸಿಯೇ.
"ಅಮ್ಮಾ, ನಂಗೆ ಏಳು! ಮೊನ್ನೆ ತಾನೇ ಕೇಕು ಕುಯ್ದಿಲ್ವಾ?"
ಬಸ್ಸಿಗೆ ಬಸ್ಸೇ ನಕ್ಕಿತು.
ನಾನು ಪರ್ಸಿನೊಳಗೆ ಮುಖ ಇಟ್ಟು
ಚಿಲ್ಲರೆ ಹುಡುಕಿದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಹೀಗೆ ಐದು ಜನರಲ್ಲಿ ದುಡ್ಡು ಕೊಟ್ಟು ಕೂತವನು
ಜಶ್ಶು ಒಬ್ಬನೇ.
ಬೆಳಿಗ್ಗೆಯಿಂದ ಕಿಟಕಿಗೆ ಜಗಳ ಕಾದವನು
ಈಗ ಕಿಟಕಿಯೇ ಬೇಡವೆಂದ,
ಟಿಕೆಟನ್ನು ಎರಡೂ ಕೈಲಿ ಹಿಡಿದುಕೊಂಡ.
ಅಕ್ಕನಿಗೆ ತೋರಿಸಿದ: "ನಿಂದು ಬರೀ ಸೊನ್ನೆ."
ಸೊನ್ನೆ ಅವನ ತಲೆಗೆ ಮೊಟಕಿತು.

ಹಗರೆಯಲ್ಲಿ ಚೆಕಿಂಗಿನವರು ಹತ್ತಿದರು.
ಜಶ್ಶು ಎದ್ದು ನಿಂತ, ಬಹುಮಾನಕ್ಕೆ ಹೆಸರು ಕೂಗಿದ ಹಾಗೆ.
ಕೈ ಖಾಲಿ.
ಸೀಟಿನ ಸಂದಿ, ಚೀಲ, ಚಪ್ಪಲಿಯಡಿ,
ಅಜ್ಜನ ಪಂಚೆಯ ಮಡಿಕೆ ಕೂಡ.
ಸುಹಾನಾ ಮಾತ್ರ ಹುಡುಕಲಿಲ್ಲ, ನೋಡುತ್ತಿದ್ದಳು:
"ಆಂಟೀ, ಪಾಪು ಏನೋ ಅಗೀತಿದೆ."

ಬೆರಳು ಹಾಕಿ ತೆಗೆದೆ. ಒಂದು ಬಿಳಿ ಉಂಡೆ,
ಜೊಲ್ಲಿನಲ್ಲಿ ಹದವಾಗಿ ನಾದಿದ್ದು.
ಅಂಗೈ ಚಾಚಿದೆ. ನರೆಮೀಸೆಯ ಆತ
ಕನ್ನಡಕ ಏರಿಸಿ, ಬಾಗಿ, ಬಹಳ ಹೊತ್ತು ಓದಿ
"ಸರಿಯಾಗಿದೆ" ಎಂದರು.
ನಗದೆ ಮುಂದಿನ ಸೀಟಿಗೆ ಹೋದರು.

ಹಳೇಬೀಡಿನವರೆಗೂ ಅತ್ತ.
ಅಲ್ಲಿ ಎಂಟು ಚಪ್ಪಲಿ ಬಿಟ್ಟು ಒಳಗೆ ಹೋದರೆ
ಕಲ್ಲು ಕಾದಿತ್ತು; ಅಂಗಾಲು ಸುಟ್ಟು ಮೂವರೂ ಕುಣಿದರು,
ಗೋಡೆಯ ನಾಟ್ಯದವರು ಇವರನ್ನು ನೋಡಲು
ಒಂದು ಗಳಿಗೆ ನಿಲ್ಲಿಸಿದಂತಿತ್ತು.
ಆನೆ ಸಾಲು ತೋರಿಸಿದೆ. ಹ್ಞೂಂ ಎಂದರು.
ಒಂದಾನೆಯ ಸೊಂಡಿಲ ಮೇಲೆ ಇರುವೆ ಸಾಲಿತ್ತು,
ಅದರ ಹಿಂದೆ ಗುಡಿಯ ಮೂಲೆ ತಿರುಗಿದರು, ಅಳು ಮರೆತು.

ಗೈಡು ಯಾರಿಗೋ ಶತಮಾನ ಎಣಿಸುತ್ತಿದ್ದ,
ನಾನು ತಲೆ ಎಣಿಸುತ್ತಿದ್ದೆ: ಒಂದು, ಎರಡು, ಮೂರು…
ನಾಲ್ಕನೆಯದು ಎಲ್ಲಿ ಎಂದು ಎದೆ ಧಸಕ್ಕೆಂದಿತು;
ಸೊಂಟದ ಮೇಲಿಂದ ಅದು ನನ್ನ ಮೂಗು ಹಿಡಿಯಿತು.

ಹುಲ್ಲಿನ ಮೇಲೆ ಡಬ್ಬಿಗಳು ಅದಲುಬದಲಾದವು.
ಚಿತ್ರಾನ್ನವೆಲ್ಲ ಸುಹಾನಾಳಿಗೆ,
ಅವಳಮ್ಮನ ಬಿಸಿಯೆಲ್ಲ ನಮ್ಮವಕ್ಕೆ.
ನನಗೆ ತಳದ ಕಡಲೆಬೀಜ, ಸಾಕಾಯಿತು.

ಸಂಜೆಯ ಬಸ್ಸಿಗೆ ಬೇರೆ ಕಂಡಕ್ಟರು, ಅದೇ ಯಂತ್ರ, ಅದೇ ಪ್ರಶ್ನೆ.
ಏಳು, ಎಂದೆ, ಈ ಸಲ ಜೋರಾಗಿಯೇ.
ನಿದ್ದೆಗಣ್ಣು ಬಿಡದೆ ಜಶ್ಶು ಗೊಣಗಿದ: "ಐದೂವರೆ."
ಟಿಕೆಟನ್ನು ನಾನೇ ಇಟ್ಟುಕೊಂಡೆ.

ಎರಡು ಹೆಗಲಿಗೆ ಎರಡು, ಮಡಿಲಿಗೆ ಒಂದು,
ಬೆವರು, ಜೊಲ್ಲು, ನಿಂಬೆಹಣ್ಣಿನ ವಾಸನೆ.
ನನಗೂ ಜೊಂಪು ಹತ್ತಿರಬೇಕು.
"ಆಂಟೀ, ಏಳು," ಎಂದಳು ಸುಹಾನಾ.
ಸ್ಟ್ಯಾಂಡು ಬಂತೆಂದು ಮೂವರ ಸಮೇತ ಎದ್ದು ನಿಂತೆ.
ಅಲ್ಲ. ಅವಳು ಸೀಟಿನ ಕೆಳಗೆ ಬಗ್ಗಿ
ಚಪ್ಪಲಿ ಎಣಿಸುತ್ತಿದ್ದಳು.